ಬಾಯಿಮಾತಿನ ಪ್ರಚಾರ: ಸಣ್ಣ ಉದ್ಯಮದವರ ನಾಲ್ಕು ಪ್ರಶ್ನೆಗಳು

ಮನೆಯವರೇ ಸೇರಿ ನಡೆಸುವ, ಮನೆಮಂದಿಗೆಂದೇ ಇರುವ ಸಣ್ಣ ಉದ್ಯಮಗಳ ಪ್ರಚಾರವನ್ನು ಕುರಿತು ಈ ಬಾರಿ ಹಲವು ಪತ್ರಗಳು ಬಂದಿವೆ. ಮೈಸೂರು, ಮಂಡ್ಯ ಕಡೆಯ ನಾಲ್ಕನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಮೊದಲ ಪತ್ರದ ತೊಡಕು ಅನೇಕರದೂ ಆಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಾನೂ ನನ್ನ ಪತಿಯೂ ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ ಮಕ್ಕಳಿಗೆ ಆಟಿಕೆ ಮತ್ತು ಪುಸ್ತಕಗಳನ್ನು ಎರವಲು ಕೊಡುವ ಗ್ರಂಥಾಲಯವೊಂದನ್ನು ನಡೆಸುತ್ತಿದ್ದೇವೆ. ತಿಂಗಳ ಚಂದಾ ಕಟ್ಟಿದವರು ವಾರಕ್ಕೊಮ್ಮೆ ಆಟಿಕೆಗಳನ್ನು ಬದಲಾಯಿಸಿಕೊಳ್ಳಬಹುದು. ಶನಿವಾರ ಸಂಜೆ ಕತೆ ಹೇಳುವ ಕಾರ್ಯಕ್ರಮವಿರುತ್ತದೆ. ಬಂದವರೆಲ್ಲ ‘ತುಂಬ ಚೆನ್ನಾಗಿದೆ’ ಎನ್ನುತ್ತಾರೆ, ಆದರೆ ಅವರ ಮಾತು ಕೇಳಿ ಹೊಸಬರು ಬಂದದ್ದು ಕಡಿಮೆ. ದಿನಪತ್ರಿಕೆಗಳ ಒಳಗೆ ಕರಪತ್ರ ಹಾಕಿಸಿದಾಗ ನಾಲ್ಕಾರು ಫೋನ್ ಬಂದವು, ಅಷ್ಟೆ. ದಸರಾ ವಸ್ತುಪ್ರದರ್ಶನದಲ್ಲಿ ಮಳಿಗೆ ಹಾಕಿ ಎಂದು ಕೆಲವರು, ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಕೊಡಿ ಎಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಕೈಯಲ್ಲಿರುವ ಅಲ್ಪ ಹಣವನ್ನು ಎಲ್ಲಿ ಹಾಕುವುದು ಒಳ್ಳೆಯದು?
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಹಣದ ಮಾತಿಗೆ ಆಮೇಲೆ ಬರೋಣ. ‘ತುಂಬ ಚೆನ್ನಾಗಿದೆ’ ಎಂಬ ಮಾತನ್ನು ನಿಮ್ಮ ಎದುರಿಗೆ ಹೇಳಬಹುದೇ ಹೊರತು ಇನ್ನೊಬ್ಬರ ಮನೆಗೆ ಹೋಗಿ ಹೇಳಲು ಅದರಲ್ಲಿ ಏನೂ ಇಲ್ಲ. ಮಗುವನ್ನು ಶಾಲೆಯಿಂದ ಕರೆದುಕೊಂಡು ಹೋಗಲು ಬಂದ ತಾಯಿಯೊಬ್ಬಳು ಪಕ್ಕದವಳಿಗೆ ಹೇಳುವುದು ಖಚಿತವಾದ ಒಂದು ಸಂಗತಿಯನ್ನು: ‘ನಮ್ಮವನು ಒಂದು ವಾರ ಆಡಿ ಮೂಲೆಗೆ ಎಸೆದದ್ದನ್ನು ಅಲ್ಲಿ ವಾಪಸು ಕೊಟ್ಟು ಬೇರೆ ತಂದೆ, ದುಡ್ಡು ಉಳಿಯಿತು.’ ಇಂಥ ಮಾತು ಸದಸ್ಯರ ಬಾಯಲ್ಲಿ ಈಗಾಗಲೇ ಇರುತ್ತದೆ, ಅದು ಯಾವುದೆಂದು ನಿಮಗೆ ತಿಳಿದಿಲ್ಲ. ಆದ್ದರಿಂದ ಇನ್ನು ಮುಂದೆ ಹೊಸದಾಗಿ ಸೇರುವ ಪ್ರತಿಯೊಬ್ಬರನ್ನೂ ‘ನಮ್ಮ ವಿಷಯ ನಿಮಗೆ ಯಾರು ಹೇಳಿದರು, ಏನೆಂದು ಹೇಳಿದರು?’ ಎಂದು ಕೇಳಿ, ಅವರು ಹೇಳಿದ ಮಾತನ್ನು ಹಾಗೆಯೇ ಒಂದು ಪುಸ್ತಕದಲ್ಲಿ ಬರೆದಿಡಿ. ಬಹುತೇಕ ಅಂಗಡಿಯವರು ಪ್ರಶ್ನೆಯ ಮೊದಲ ಅರ್ಧವನ್ನು ಮಾತ್ರ ಕೇಳುತ್ತಾರೆ. ನಿಮಗೆ ಬೇಕಾದದ್ದು ಎರಡನೆಯ ಅರ್ಧ. ಅಲ್ಲಿ ಮತ್ತೆ ಮತ್ತೆ ಬರುವ ವಾಕ್ಯವೇ ನಿಮ್ಮ ಮುಂದಿನ ಕರಪತ್ರದ ಮೊದಲ ಸಾಲಾಗಲಿ. ‘ಮಕ್ಕಳ ಸರ್ವಾಂಗೀಣ ವಿಕಾಸಕ್ಕಾಗಿ’ ಎಂದು ಅಚ್ಚು ಹಾಕಿಸಿದ ಕರಪತ್ರಗಳು ಸಾವಿರಾರು ಇವೆ. ಅವುಗಳನ್ನು ಪತ್ರಿಕೆಯಿಂದ ಉದುರಿಸಿ ಪಕ್ಕಕ್ಕಿಡುವುದು ಓದುಗನಿಗೆ ರೂಢಿಯಾಗಿಬಿಟ್ಟಿದೆ.

ಇನ್ನು, ಮಾತು ಹರಡುವುದಕ್ಕೆ ಸಂದರ್ಭವೂ ಬೇಕು. ಆಟಿಕೆಗಳನ್ನು ಸದಸ್ಯರು ಈಗ ಯಾವುದರಲ್ಲಿ ಒಯ್ಯುತ್ತಾರೆ ಎಂದು ನೀವು ಬರೆದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಾದರೆ ಅದನ್ನು ಇಂದೇ ಬಿಡಿ. ದಪ್ಪ ಬಟ್ಟೆಯ ಚೀಲವೊಂದನ್ನು ಹೊಲಿಸಿ, ಹೆಸರನ್ನೂ ಫೋನ್ ಸಂಖ್ಯೆಯನ್ನೂ ದೂರದಿಂದ ಓದುವಷ್ಟು ದೊಡ್ಡದಾಗಿ ಕನ್ನಡದಲ್ಲಿ ಅಚ್ಚು ಹಾಕಿಸಿ. ಒಳಗೊಂದು ಚೀಟಿ ಇರಲಿ: ‘ಒಗಟು ಚಿತ್ರ, 24 ತುಂಡು, ಮರದ ಬುಗುರಿ, 2, ಚೌಕಾಬಾರದ ಹಾಸು, 1, ಕವಡೆ, 4.’ ಆ ಚೀಲ ಲಿಫ್ಟಿನಲ್ಲಿ, ಸ್ಕೂಟರಿನ ಮುಂಭಾಗದಲ್ಲಿ, ಅಜ್ಜಿಯ ಮನೆಯ ಜಗಲಿಯಲ್ಲಿ ವಾರವಿಡೀ ಸುತ್ತಾಡುತ್ತದೆ, ‘ಇದೇನು?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಚೀಟಿಯ ಲೆಕ್ಕದಲ್ಲಿ ಒಂದು ತುಂಡು ಕಡಿಮೆಯಾಗಿ ವಾಪಸು ಬಂದ ದಿನ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂಬುದು ಮಾತ್ರ ಯಾವ ಜಾಹೀರಾತಿಗಿಂತಲೂ ದೂರ ಹೋಗುವ ಸುದ್ದಿ. ದಂಡ ಹಾಕಿದರೆ ಇಡೀ ಅಪಾರ್ಟ್‌ಮೆಂಟಿಗೆ ತಿಳಿಯುತ್ತದೆ; ‘ಸೋಫಾದ ಕೆಳಗೆ ನೋಡಿ, ಸಿಕ್ಕಾಗ ತನ್ನಿ’ ಎಂದು ನಗುತ್ತ ಹೇಳಿದರೆ ಅದೂ ತಿಳಿಯುತ್ತದೆ. ತುಂಡುಗಳು ಕಳೆದೇ ಹೋಗುತ್ತವೆ ಎಂದು ಮೊದಲೇ ಲೆಕ್ಕ ಹಾಕಿ ಆ ವೆಚ್ಚವನ್ನು ಚಂದಾದಲ್ಲಿ ಸೇರಿಸಿಬಿಡಿ.

ಹೊಸಬರನ್ನು ಕರೆತಂದ ಸದಸ್ಯರಿಗೆ ನಗದು ಬಹುಮಾನ ಕೊಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಗೆಳತಿಯ ಸಲಹೆಯ ಹಿಂದೆ ದುಡ್ಡಿದೆ ಎಂದು ಗೊತ್ತಾದ ಕ್ಷಣ ಸಲಹೆಯ ತೂಕ ಹೋಗುತ್ತದೆ. ಅದರ ಬದಲು ಸದಸ್ಯ ಮಗುವಿಗೆ ಶನಿವಾರದ ಕತೆಗೆ ಒಬ್ಬ ಗೆಳೆಯನನ್ನು ಕರೆತರಲು ಚೀಟಿ ಕೊಡಿ. ಕರೆಯುವುದು ಮಗು, ಬರುವುದು ಇನ್ನೊಂದು ಮಗು. ಜೊತೆಗೆ ತಂದೆತಾಯಿ ಬಂದೇ ಬರುತ್ತಾರೆ.

ಮೈಸೂರಿನಲ್ಲಿ ನಿಮಗೊಂದು ಅನುಕೂಲವಿದೆ, ಅದನ್ನು ನೀವು ಬಳಸಿಕೊಂಡಂತೆ ಕಾಣಲಿಲ್ಲ. ನಿವೃತ್ತರು ಹೆಚ್ಚಾಗಿ ನೆಲೆಸಿರುವ ಊರಿದು. ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನಿಂದ, ಪರದೇಶಗಳಿಂದ ಮೊಮ್ಮಕ್ಕಳು ಬಂದಿಳಿಯುತ್ತಾರೆ, ಮೂರನೆಯ ದಿನಕ್ಕೆ ಅಜ್ಜ–ಅಜ್ಜಿಯರಿಗೆ ಅವರನ್ನು ಹೇಗೆ ಹಿಡಿದಿಡುವುದೆಂದು ತೋಚುವುದಿಲ್ಲ. ಬೇಸಿಗೆ ಬಂತೆಂದರೆ ರಂಗಾಯಣದ ಚಿಣ್ಣರ ಮೇಳಕ್ಕೆ ಮಕ್ಕಳನ್ನು ಸೇರಿಸಲು ತಂದೆತಾಯಿಗಳು ಎಷ್ಟು ಆತುರಪಡುತ್ತಾರೆ ಎಂಬುದು ನಿಮಗೂ ಗೊತ್ತಿರುತ್ತದೆ. ಒಂದೇ ತಿಂಗಳ ‘ರಜೆ ಸದಸ್ಯತ್ವ’ವನ್ನು ಮಾರ್ಚ್ ಕೊನೆಯಲ್ಲೇ ಪ್ರಕಟಿಸಿ. ಅದರ ಪ್ರಚಾರ ಉದ್ಯಾನಗಳಲ್ಲಿ ಬೆಳಗ್ಗೆ ನಡೆದಾಡುವ ಹಿರಿಯರ ನಡುವೆ ಆಗಬೇಕು, ಮತ್ತು ಅದನ್ನು ಅವರೊಡನೆ ನಡೆಯುವ ನಿಮ್ಮ ಮಾವನವರೋ ಅತ್ತೆಯವರೋ ಮಾಡಿದರೆ ಇನ್ನೂ ಚೆನ್ನು.

ಪತ್ರಿಕೆಯಲ್ಲಿ ಜಾಹೀರಾತು ಕೊಡುವುದಕ್ಕೂ ಸುದ್ದಿಯಾಗುವುದಕ್ಕೂ ಬಹಳ ವ್ಯತ್ಯಾಸವಿದೆ. ‘ಮೈಸೂರು ಮಿತ್ರ’, ‘ಆಂದೋಲನ’ದಂಥ ಸ್ಥಳೀಯ ಕನ್ನಡ ದಿನಪತ್ರಿಕೆಗಳೂ, ಇಂಗ್ಲಿಷಿನ ಸಂಜೆ ಪತ್ರಿಕೆ ‘ಸ್ಟಾರ್ ಆಫ್ ಮೈಸೂರ್’ ಕೂಡ ನಗರದ ಸಣ್ಣ ಕಾರ್ಯಕ್ರಮಗಳಿಗೆ ಜಾಗ ಕೊಡುತ್ತವೆ. ಆದರೆ ‘ನಮ್ಮಲ್ಲಿ ಆಟಿಕೆ ಸಿಗುತ್ತದೆ’ ಎಂಬುದು ಸುದ್ದಿಯಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ಅಪಾರ ಆಸಕ್ತಿ ಇದ್ದವರು. ಅವರ ಕಾಲದ ಆಟಗಳ ನಕ್ಷೆಗಳು ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಚಿತ್ರಿತವಾಗಿವೆ. ಸಾಂಪ್ರದಾಯಿಕ ಮಣೆಯಾಟಗಳ ಪ್ರದರ್ಶನವನ್ನು ಇದೇ ಊರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಏರ್ಪಡಿಸುತ್ತ ಬಂದಿದೆ. ಇಂಥ ಊರಿನಲ್ಲಿ, ದಸರಾ ರಜೆಯ ಒಂದು ಭಾನುವಾರ ಅಜ್ಜಿ–ಮೊಮ್ಮಕ್ಕಳ ಜೋಡಿಗಳಿಗೆ ಅಳಗುಳಿಮಣೆ, ಚೌಕಾಬಾರ, ಹುಲಿ–ಕುರಿ ಆಟಗಳ ಪಂದ್ಯವನ್ನು ನಿಮ್ಮ ಮನೆಯ ಅಂಗಳದಲ್ಲಿ ಏರ್ಪಡಿಸಿದರೆ ಅದು ಸುದ್ದಿ. ಎಲ್ಲಿ, ಎಂದು, ಎಷ್ಟು ಹೊತ್ತಿಗೆ, ಯಾರು ಬರಬಹುದು, ಶುಲ್ಕವಿದೆಯೇ ಎಂಬಿಷ್ಟನ್ನು ಒಂದೇ ಪುಟದಲ್ಲಿ, ವಿಶೇಷಣಗಳಿಲ್ಲದೆ ಬರೆದು, ಎರಡು ಮೂರು ದಿನ ಮೊದಲೇ ಪತ್ರಿಕಾ ಕಚೇರಿಗಳಿಗೆ ತಲುಪಿಸಿ. ಪಂದ್ಯ ಮುಗಿದ ಸಂಜೆಯೇ ಒಂದು ಸ್ಪಷ್ಟ ಚಿತ್ರವನ್ನು, ಅದರಲ್ಲಿರುವವರ ಒಪ್ಪಿಗೆ ಪಡೆದು, ಕಳುಹಿಸಿ. ಪತ್ರಿಕಾಗೋಷ್ಠಿ ಕರೆಯುವ ಆಡಂಬರ ಇದಕ್ಕೆ ಬೇಕಿಲ್ಲ.

ಈಗ ಹಣದ ಮಾತು. ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ ತಿಂಗಳುಗಟ್ಟಲೆ ನಡೆಯುತ್ತದೆ. ಅಷ್ಟು ದಿನ ಮಳಿಗೆಯಲ್ಲಿ ಇಬ್ಬರು ಕೂತರೆ ಇಲ್ಲಿ ಗ್ರಂಥಾಲಯ ನೋಡುವವರು ಯಾರು? ಅಲ್ಲಿಗೆ ಬರುವವರಲ್ಲಿ ಹೊರ ಊರಿನವರೂ ಅನೇಕರು. ವಾರವಾರ ಆಟಿಕೆ ಬದಲಾಯಿಸಿಕೊಳ್ಳಲು ಬರುವ ಗಿರಾಕಿ ನಿಮ್ಮ ಮನೆಯಿಂದ ಎರಡು ಮೂರು ಕಿಲೋಮೀಟರಿನೊಳಗೆ ಇರುತ್ತಾನೆ. ಇದೇ ಕಾರಣಕ್ಕೆ ಇನ್‌ಸ್ಟಾಗ್ರಾಂ ಜಾಹೀರಾತನ್ನು ಕೊಡುವುದೇ ಆದರೆ ಸುತ್ತಲಿನ ಕೆಲವೇ ಬಡಾವಣೆಗಳಿಗೆ ಸೀಮಿತಗೊಳಿಸಿ, ರಜೆ ಸದಸ್ಯತ್ವದ ಸಮಯದಲ್ಲಿ ಮಾತ್ರ ಕೊಡಿ. ಅದಕ್ಕೂ ಮೊದಲು ಗೂಗಲ್ ಮ್ಯಾಪಿನಲ್ಲಿ ನಿಮ್ಮ ಗ್ರಂಥಾಲಯದ ವಿವರವನ್ನು ಉಚಿತವಾಗಿ ನೋಂದಾಯಿಸಿ, ತೆರೆಯುವ ಮುಚ್ಚುವ ವೇಳೆಯನ್ನು ಹಬ್ಬದ ದಿನಗಳಿಗೂ ಸರಿಪಡಿಸುತ್ತಿರಿ. ಮಗುವನ್ನು ಕರೆದುಕೊಂಡು ಬಂದು ಮುಚ್ಚಿದ ಬಾಗಿಲು ನೋಡಿದವರು ಮತ್ತೆ ಬರುವುದಿಲ್ಲ. ವಾಟ್ಸ್‌ಆ್ಯಪಿನ ಪ್ರಸಾರ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದಾದರೂ ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ, ಆದ್ದರಿಂದ ಚಂದಾ ಪಡೆಯುವಾಗಲೇ ‘ನಂಬರ್ ಸೇವ್ ಮಾಡಿಕೊಳ್ಳಿ’ ಎಂದು ಕೇಳುವುದನ್ನು ಮರೆಯಬೇಡಿ. ವಾರಕ್ಕೆ ಒಂದು ಸಂದೇಶ ಸಾಕು. ವಿದ್ಯುತ್ ಕಂಬ, ಕಾಂಪೌಂಡುಗಳಿಗೆ ಭಿತ್ತಿಪತ್ರ ಅಂಟಿಸುವ ಯೋಚನೆಯಿದ್ದರೆ ಬಿಡಿ; ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರಿಂದಲೇ ಕಾಯ್ದೆಯಿದೆ.

ಪ್ರಶ್ನೆ: ಮೊಳಕೆ ಬರಿಸಿದ ರಾಗಿಯಿಂದ ಮಕ್ಕಳಿಗೆ ಕೊಡುವ ರಾಗಿ ಸರಿಯ ಹಿಟ್ಟನ್ನು ನಾನೂ ನನ್ನ ಅತ್ತೆಯವರೂ ಮನೆಯಲ್ಲಿ ತಯಾರಿಸುತ್ತೇವೆ. ಅಕ್ಕಪಕ್ಕದವರು ಕೇಳಿ ಕೇಳಿ ಒಯ್ಯುತ್ತಾರೆ. ಮಾರಾಟ ಹೆಚ್ಚಿಸಲು ಆಸ್ಪತ್ರೆಯ ಹೆರಿಗೆ ವಾರ್ಡಿನ ಬಳಿ ಬಾಣಂತಿಯರಿಗೆ ಸಣ್ಣ ಪೊಟ್ಟಣಗಳನ್ನು ಉಚಿತವಾಗಿ ಹಂಚಿ, ಪರಿಚಯದ ದಾದಿಯೊಬ್ಬರಿಂದ ಹೇಳಿಸಬೇಕೆಂದಿದ್ದೇವೆ. ಇದು ಫಲ ಕೊಡುತ್ತದೆಯೇ?
– ಓದುಗರು, ಮಂಡ್ಯ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ, ಅದು ಅಪರಾಧವಾಗುತ್ತದೆ. ಎರಡು ವರ್ಷದೊಳಗಿನ ಶಿಶುಗಳಿಗೆಂದು ಮಾರುವ ಆಹಾರದ ಬಗ್ಗೆ ಜಾಹೀರಾತು ಕೊಡುವುದು, ಉಚಿತ ಮಾದರಿ ಹಂಚುವುದು, ಮಾರಾಟಕ್ಕಾಗಿ ಗರ್ಭಿಣಿಯರನ್ನೂ ತಾಯಂದಿರನ್ನೂ ಸಂಪರ್ಕಿಸುವುದು, ಆರೋಗ್ಯ ಸಿಬ್ಬಂದಿಗೆ ಹಣವನ್ನೋ ಉಡುಗೊರೆಯನ್ನೋ ಕೊಟ್ಟು ಪ್ರಚಾರ ಮಾಡಿಸುವುದು, ಇವೆಲ್ಲವನ್ನೂ 1992ರ ಶಿಶು ಆಹಾರ ಕಾಯ್ದೆ ಮತ್ತು ಅದಕ್ಕೆ 2003ರಲ್ಲಿ ಆದ ತಿದ್ದುಪಡಿ ನಿಷೇಧಿಸುತ್ತವೆ. ಮೂರು ವರ್ಷಗಳವರೆಗೆ ಸೆರೆವಾಸ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ದೊಡ್ಡ ಕಂಪನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದ ಕಾಯ್ದೆಯಾದರೂ ಮನೆಯಲ್ಲಿ ತಯಾರಿಸುವವರಿಗೆ ಅದರಲ್ಲಿ ವಿನಾಯಿತಿ ಇಲ್ಲ. ತಾಯಿಯ ಹಾಲಿನ ಜಾಗಕ್ಕೆ ವ್ಯಾಪಾರ ನುಗ್ಗಬಾರದು ಎಂಬ ಅದರ ಉದ್ದೇಶ ಸರಿಯಾದದ್ದೇ ಎಂಬುದು ನನ್ನ ಅಭಿಪ್ರಾಯ.

ನಿಮಗಿರುವ ದಾರಿಯೆಂದರೆ ಮನೆಮಂದಿಯೆಲ್ಲ ಕುಡಿಯುವ ರಾಗಿ ಮಾಲ್ಟ್ ಹಿಟ್ಟನ್ನು ಮಾರುವುದು. ಹಾಗೆಂದು ಹೆಸರು ಮಾತ್ರ ಬದಲಿಸಿ ಪೊಟ್ಟಣದ ಮೇಲೆ ಮಗುವಿನ ಚಿತ್ರವನ್ನೋ ‘6 ತಿಂಗಳಿಂದ’ ಎಂಬ ಸಾಲನ್ನೋ ಉಳಿಸಿಕೊಳ್ಳುವಂತಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಾಯಿಸಿ, ಅದರ 14 ಅಂಕಿಗಳ ಸಂಖ್ಯೆಯನ್ನೂ, ತಯಾರಿಸಿದ ದಿನಾಂಕ, ತೂಕ, ಬಳಸಿದ ಪದಾರ್ಥಗಳನ್ನೂ ಪೊಟ್ಟಣದ ಮೇಲೆ ಅಚ್ಚು ಹಾಕಿಸಿ. ಬಾದಾಮಿ, ಗೋಡಂಬಿ ಸೇರಿಸುವುದಾದರೆ ಅದನ್ನು ತಪ್ಪದೆ ನಮೂದಿಸಿ. ಮುದ್ದೆ ಉಣ್ಣುವ ಮಂಡ್ಯದಲ್ಲಿ ರಾಗಿಯ ಗುಣಗಾನ ಮಾಡಿ ಪ್ರಯೋಜನವಿಲ್ಲ, ರಾಗಿ ಎಲ್ಲರ ಮನೆಯಲ್ಲೂ ಇದೆ. ಎಷ್ಟು ಹೊತ್ತು ನೆನೆಸುತ್ತೀರಿ, ಮೊಳಕೆಯನ್ನು ಬಟ್ಟೆಯಲ್ಲಿ ಎಷ್ಟು ಹೊತ್ತು ಕಟ್ಟಿಡುತ್ತೀರಿ, ನೆರಳಲ್ಲಿ ಒಣಗಿಸುತ್ತೀರೋ ಬಿಸಿಲಲ್ಲೋ, ಯಾವ ಹದಕ್ಕೆ ಹುರಿಯುತ್ತೀರಿ ಎಂಬುದನ್ನು ಕೇಳಿದವರಿಗೆಲ್ಲ ತೋರಿಸಿ. ಆ ಕೆಲಸಕ್ಕೆ ಈಗ ಮನೆಗಳಲ್ಲಿ ಪುರಸೊತ್ತಿಲ್ಲ, ಅದನ್ನು ಕಣ್ಣಾರೆ ಕಂಡವರು ತಾವಾಗಿಯೇ ನಾಲ್ಕು ಮನೆಗೆ ಹೇಳುತ್ತಾರೆ.

ಪ್ರಶ್ನೆ: ನಮ್ಮದು ನಾಮಕರಣ, ಹುಟ್ಟುಹಬ್ಬ, ಷಷ್ಟ್ಯಬ್ದಿಗಳ ಚಿತ್ರ ತೆಗೆಯುವ ಸಣ್ಣ ಸ್ಟುಡಿಯೊ. ಒಬ್ಬರು ಗೂಗಲ್‌ನಲ್ಲಿ ಒಂದೇ ನಕ್ಷತ್ರ ಕೊಟ್ಟು, ಆಲ್ಬಮ್ ತಡವಾಯಿತೆಂದು ಕಟುವಾಗಿ ಬರೆದಿದ್ದಾರೆ. ನೆಂಟರಿಂದ ಐದು ನಕ್ಷತ್ರಗಳ ಅಭಿಪ್ರಾಯ ಬರೆಸುವುದು, ಹಾಗೆ ಬರೆದ ಗಿರಾಕಿಗಳಿಗೆ ರಿಯಾಯಿತಿ ಕೊಡುವುದು ತಪ್ಪೇ?
– ಛಾಯಾಗ್ರಾಹಕರು, ವಿಜಯನಗರ, ಮೈಸೂರು

ಉತ್ತರ: ಎರಡೂ ತಪ್ಪು. ಪ್ರತಿಫಲಕ್ಕಾಗಿ ಬರೆಸಿದ ಅಭಿಪ್ರಾಯಗಳನ್ನು ಗೂಗಲ್‌ನ ನಿಯಮಗಳು ಒಪ್ಪುವುದಿಲ್ಲ; ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಗಳೂ ಶಿಫಾರಸು ಪ್ರಾಮಾಣಿಕವಾಗಿರಬೇಕೆಂದು, ಶಿಫಾರಸು ಮಾಡುವವನಿಗೂ ವ್ಯಾಪಾರಿಗೂ ಸಂಬಂಧವಿದ್ದರೆ ಅದನ್ನು ಬಹಿರಂಗಪಡಿಸಬೇಕೆಂದು ಹೇಳುತ್ತವೆ. ಆಲ್ಬಮ್ ನಿಜವಾಗಿಯೂ ತಡವಾಗಿದ್ದರೆ ‘ಹೌದು, ತಡವಾಯಿತು; ಈಗ ಇಂತಿಷ್ಟು ದಿನಗಳಲ್ಲಿ ಕೊಡುತ್ತಿದ್ದೇವೆ’ ಎಂದು ಎರಡು ಸಾಲಿನ ಉತ್ತರ ಬರೆಯಿರಿ, ವಾದಕ್ಕಿಳಿಯಬೇಡಿ. ಆ ಉತ್ತರವನ್ನು ಓದುವುದು ಮುಂದಿನ ತಿಂಗಳು ಮಗುವಿನ ನಾಮಕರಣ ಇಟ್ಟುಕೊಂಡಿರುವ ಮನೆಯವರು. ಮಕ್ಕಳ ಚಿತ್ರಗಳನ್ನು ಸ್ಟುಡಿಯೊದ ಪ್ರಚಾರಕ್ಕೆ ಬಳಸುವ ಮುನ್ನ ತಂದೆತಾಯಿಯರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ವಿಷಯದಲ್ಲಿ ಪಾಲಕರ ಒಪ್ಪಿಗೆಯನ್ನು ಕಡ್ಡಾಯ ಮಾಡಿದೆ. ಒಪ್ಪಿಗೆ ಕೇಳುವ ಸ್ಟುಡಿಯೊ ಎಂಬ ಹೆಸರೂ ಬಾಯಿಂದ ಬಾಯಿಗೆ ಹೋಗುವಂಥದ್ದೇ.

ಪ್ರಶ್ನೆ: ಅತ್ತೆ, ನಾನು, ನಾದಿನಿ ಸೇರಿ ಹಬ್ಬದ ಹೋಳಿಗೆ, ಕಜ್ಜಾಯ, ಚಕ್ಕುಲಿಗಳನ್ನು ಮುಂಗಡ ಬೇಡಿಕೆಯ ಮೇಲೆ ಮಾಡಿಕೊಡುತ್ತೇವೆ. ನಾಮಫಲಕಕ್ಕೆ ಇಂಗ್ಲಿಷಿನ ಆಕರ್ಷಕ ಹೆಸರಿಟ್ಟರೆ ಬೆಂಗಳೂರಿನ ಗಿರಾಕಿಗಳು ಬರುತ್ತಾರೆ ಎಂದು ಮಗ ಹೇಳುತ್ತಾನೆ. ನಿಮ್ಮ ಸಲಹೆ ಏನು?
– ಓದುಗರು, ಶ್ರೀರಂಗಪಟ್ಟಣ, ಮಂಡ್ಯ ಜಿಲ್ಲೆ

ಉತ್ತರ: ಹೆಸರು ಯಾವ ಭಾಷೆಯದಾದರೂ ಇರಲಿ, ಫೋನಿನಲ್ಲಿ ಒಮ್ಮೆ ಕೇಳಿದವರು ತಪ್ಪಿಲ್ಲದೆ ಬರೆದುಕೊಳ್ಳುವಂತಿರಬೇಕು. ಮದ್ದೂರಿನ ವಡೆ ಊರಿನ ಹೆಸರನ್ನೇ ಹೊತ್ತುಕೊಂಡು, ರೈಲಿನಲ್ಲಿ ತಿಂದವರ ಬಾಯಿಮಾತಿನಲ್ಲಿ ನಾಡಿನ ತುಂಬ ಹೋಯಿತು. ಬೆಂಗಳೂರಿನಿಂದ ಬರುವವರು ನಿಮ್ಮಲ್ಲಿ ಹುಡುಕುವುದು ಅತ್ತೆಯವರ ಕೈ ಹೋಳಿಗೆಯನ್ನು, ಹೀಗಾಗಿ ಫಲಕದಲ್ಲಿ ತಿಂಡಿಯ ಹೆಸರೂ ಊರಿನ ಹೆಸರೂ ಇರಲಿ. ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕು ಮತ್ತು ಅದು ಮೇಲ್ಭಾಗದಲ್ಲಿರಬೇಕು. ಫಲಕ ಬರೆಸುವ ಮುನ್ನ ಬೇರೆ ಊರಿನ ನಾಲ್ಕು ಪರಿಚಿತರಿಗೆ ಫೋನ್ ಮಾಡಿ, ಹೆಸರನ್ನು ಒಂದೇ ಸಲ ಹೇಳಿ, ಮರುದಿನ ಕೇಳಿ ನೋಡಿ. ಮೂವರಿಗಾದರೂ ನೆನಪಿದ್ದರೆ ಪೇಂಟರಿಗೆ ಮುಂಗಡ ಕೊಡಿ.