ಕೆನಡಿ ಲೇಖನ: ಮೊದಲು ಲೆಕ್ಕ ಸರಿಮಾಡಿ

ಪ್ರಿಯ ಲೇಖಕರೇ,

ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಅವರನ್ನು ಕೊಲ್ಲಿಸಿದ್ದು ಆ ದೇಶದ ಗುಪ್ತಚರ ಸಂಸ್ಥೆ ಸಿಐಎ ಎಂದು ವಾದಿಸುವ ನಿಮ್ಮ ಲೇಖನ ಓದಿದೆವು. ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, 1963ರ ನವೆಂಬರ್ 22ರ ಡಲ್ಲಾಸ್ ಕಣ್ಣಿಗೆ ಕಟ್ಟುತ್ತದೆ. ಎಡವಿರುವುದು ಪುರಾವೆಯಲ್ಲಿ.

ಎರಡನೇ ಪುಟದ ಲೆಕ್ಕ ನೋಡಿ. ಹಂತಕನೆಂದು ಬಂಧಿಸಲಾಗಿದ್ದ ಓಸ್ವಾಲ್ಡ್‌ನ ರೈಫಲ್‌ನಲ್ಲಿ ಒಂದು ಗುಂಡು ಹಾರಿಸಿ ಇನ್ನೊಂದಕ್ಕೆ ಬೋಲ್ಟ್ ಎಳೆಯಲು ಕನಿಷ್ಠ 2.3 ಸೆಕೆಂಡು, ಮೂರಕ್ಕೆ 6.9, ಸಿಕ್ಕಿದ್ದು 5.6 ಮಾತ್ರ, ಆದ್ದರಿಂದ ಇನ್ನೊಬ್ಬ ಬಂದೂಕುಧಾರಿ ಇದ್ದ ಎಂದಿದ್ದೀರಿ. ಗಡಿಯಾರ ಶುರುವಾಗುವುದೇ ಮೊದಲ ಗುಂಡು ಹಾರಿದಾಗ. ಮೂರು ಗುಂಡುಗಳ ನಡುವೆ ಇರುವುದು ಎರಡೇ ಅಂತರ; 4.6 ಸೆಕೆಂಡು ಸಾಕು. ಆ 5.6 ಎಲ್ಲಿಂದ ಬಂತು ಅನ್ನುವುದನ್ನೂ ನೀವು ಹುಡುಕಿಲ್ಲ. ಹತ್ಯೆಯನ್ನು ಚಿತ್ರೀಕರಿಸಿದ ಝಪ್ರುಡರ್ ಅವರ ಕ್ಯಾಮೆರಾ ಸೆಕೆಂಡಿಗೆ ಸರಾಸರಿ 18.3 ಫ್ರೇಮ್ ಓಡುತ್ತಿತ್ತು. ಹತ್ಯೆಯ ತನಿಖೆ ನಡೆಸಿದ ವಾರೆನ್ ಆಯೋಗದ ಪ್ರಕಾರ ಕೆನಡಿಗೆ ಮೊದಲ ಗುಂಡು ತಗುಲಿದ್ದು 210 ಮತ್ತು 225ನೇ ಫ್ರೇಮ್‌ಗಳ ನಡುವೆ, ತಲೆಗೆ ತಗುಲಿದ್ದು 313ರಲ್ಲಿ. ಕಳೆದು ಭಾಗಿಸಿದರೆ 4.8ರಿಂದ 5.6 ಸೆಕೆಂಡು ಬರುತ್ತದೆ. ಇದು ತಗುಲಿದ ಎರಡು ಗುಂಡುಗಳ ನಡುವಿನ ಕಾಲವಷ್ಟೇ. ಮೂರರಲ್ಲಿ ಗುರಿ ತಪ್ಪಿದ್ದು ಮೊದಲನೆಯದಾದರೆ ಒಟ್ಟು ಸಮಯ ಇನ್ನೂ ಹಿಗ್ಗುತ್ತದೆ. ಯಾವುದು ತಪ್ಪಿತು ಎಂದು ಆಯೋಗ ಖಚಿತವಾಗಿ ಹೇಳಲೇ ಇಲ್ಲ, ಅದನ್ನೂ ಬರೆಯಿರಿ.

ಕೆನಡಿಗೂ, ಅದೇ ಕಾರಿನಲ್ಲಿದ್ದ ಟೆಕ್ಸಾಸ್ ಗವರ್ನರ್ ಕೊನಾಲಿಗೂ ತಗುಲಿತು ಎನ್ನಲಾದ ಒಂದೇ ‘ಮಾಯಾ ಗುಂಡಿ’ನ ನಿಮ್ಮ ರೇಖಾಚಿತ್ರ ಇದಕ್ಕಿಂತ ದೊಡ್ಡ ತಪ್ಪು. ಅದರಲ್ಲಿ ಕೊನಾಲಿ ಕೆನಡಿಯ ನೇರ ಮುಂದೆ, ಅದೇ ಎತ್ತರದಲ್ಲಿ ಕುಳಿತಿದ್ದಾರೆ. ಹಾಗೆ ಬರೆದರೆ ಗುಂಡು ಗಾಳಿಯಲ್ಲಿ ತಿರುಗಲೇಬೇಕು. ಅವರು ಕುಳಿತದ್ದು ಮಡಚುವ ಸೀಟಿನಲ್ಲಿ: ಸುಮಾರು 3 ಇಂಚು ತಗ್ಗು, ಬಾಗಿಲಿನಿಂದ ಒಳಕ್ಕೆ, ಮೈ ಬಲಕ್ಕೆ ತಿರುಗಿತ್ತು. ಚಿತ್ರವನ್ನು ಹಾಗೆ ತಿದ್ದಿ ಗೆರೆ ಎಳೆದು ನೋಡಿ. ಹಾಗೆಂದು ಅನುಮಾನಕ್ಕೆ ಜಾಗವೇ ಇಲ್ಲ ಎನ್ನುತ್ತಿಲ್ಲ. ತನಗೆ ತಗುಲಿದ್ದು ಬೇರೆ ಗುಂಡು ಎಂದು ಕೊನಾಲಿ ಕೊನೆಯವರೆಗೂ ಹೇಳಿದರು. ಆಯೋಗದ ಸದಸ್ಯರೇ ಆಗಿದ್ದ ಸೆನೆಟರ್ ರಿಚರ್ಡ್ ರಸೆಲ್ ಒಂದೇ ಗುಂಡಿನ ವಾದವನ್ನು ಒಪ್ಪಿರಲಿಲ್ಲ. ಇಷ್ಟು ಗಟ್ಟಿಯಾದ ಸಂಗತಿ ಬಿಟ್ಟು ನೀವು ತಪ್ಪು ಚಿತ್ರವನ್ನು ನೆಚ್ಚಿಕೊಂಡಿದ್ದೀರಿ.

‘ಪಿತೂರಿ ಇದ್ದಿರಬಹುದು ಎಂದು ಸಂಸದೀಯ ಸಮಿತಿಯೇ 1979ರಲ್ಲಿ ಹೇಳಿತು’ ಎಂಬ ವಾಕ್ಯ ನಿಜ, ಆದರೆ ಅರ್ಧ. ಆ ತೀರ್ಮಾನ ಮುಖ್ಯವಾಗಿ ನಿಂತದ್ದು ಪೊಲೀಸ್ ರೇಡಿಯೋದ ಧ್ವನಿಮುದ್ರಿಕೆಯ ಮೇಲೆ. ಗುಂಡಿನ ಸದ್ದು ಎಂದು ಎಣಿಸಿದ್ದು ಹತ್ಯೆಯಾದ ಸುಮಾರು ಒಂದು ನಿಮಿಷದ ನಂತರದ ಸದ್ದು ಎಂದು 1982ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಜ್ಞರು ಹೇಳಿದರು. ಎರಡನ್ನೂ ಒಟ್ಟಿಗೆ ಕೊಡಿ.

ನಿಮ್ಮ ಲೇಖನದ ನಿಜವಾದ ಬಲ ಐದನೇ ಪುಟದಲ್ಲಿದೆ, ನೀವೇ ಅದನ್ನು ಅವಸರದಲ್ಲಿ ದಾಟಿ ಹೋಗಿದ್ದೀರಿ. ಕ್ಯೂಬಾದ ನಾಯಕ ಕ್ಯಾಸ್ಟ್ರೋ ಅವರನ್ನು ಕೊಲ್ಲುವ ತನ್ನ ಸಂಚುಗಳನ್ನು ಸಿಐಎ ವಾರೆನ್ ಆಯೋಗಕ್ಕೆ ತಿಳಿಸಲೇ ಇಲ್ಲ. ಸಂಸ್ಥೆಯ ಮಾಜಿ ಮುಖ್ಯಸ್ಥ ಆಲನ್ ಡಲೆಸ್ ಅದೇ ಆಯೋಗದಲ್ಲಿ ಕುಳಿತಿದ್ದರು. ಓಸ್ವಾಲ್ಡ್ ಡಲ್ಲಾಸ್‌ನ ಎಫ್‌ಬಿಐ ಕಚೇರಿಗೆ ಕೊಟ್ಟಿದ್ದ ಚೀಟಿಯನ್ನು ಅವನು ಸತ್ತ ಮೇಲೆ ಹರಿದು ಶೌಚಾಲಯಕ್ಕೆ ಹಾಕಲಾಯಿತು. ಅದು ಹೊರಬಿದ್ದದ್ದು 1975ರಲ್ಲಿ. ಜನ ಸರ್ಕಾರವನ್ನು ನಂಬದಿರಲು ಇವು ಸಾಕು. ಇಲ್ಲಿಂದ ‘ಆದ್ದರಿಂದ ಕೊಂದವರೂ ಇವರೇ’ ಎಂದು ಹಾರುವಾಗ ನಡುವೆ ಒಂದು ಮೆಟ್ಟಿಲೂ ಇಲ್ಲ. ಕರ್ತವ್ಯಲೋಪ, ಮುಜುಗರ, ಹಳೆಯ ಗುಟ್ಟು, ಇವುಗಳನ್ನು ಮುಚ್ಚಲೂ ಜನ ಕಾಗದ ಹರಿಯುತ್ತಾರೆ. ಸಂಚು ಸಾಬೀತಾಗುವುದು ಹೇಗೆ ಎಂಬುದಕ್ಕೆ ಲಿಂಕನ್ ಪ್ರಕರಣವಿದೆ: ಅಧ್ಯಕ್ಷ ಲಿಂಕನ್ ಮೇಲೆ ಗುಂಡು ಹಾರಿದ 1865ರ ಏಪ್ರಿಲ್ 14ರ ಅದೇ ರಾತ್ರಿ ಸಂಚುಗಾರರಲ್ಲೊಬ್ಬನಾದ ಪೊವೆಲ್ ವಿದೇಶಾಂಗ ಕಾರ್ಯದರ್ಶಿ ಸೀವರ್ಡ್ ಅವರ ಮನೆಗೇ ನುಗ್ಗಿ ಇರಿದ. ಹೆಸರು, ಕೆಲಸದ ಹಂಚಿಕೆ, ಓಡಿಹೋಗುವ ದಾರಿ, ಎಲ್ಲವೂ ವಿಚಾರಣೆಯಲ್ಲಿ ಹೊರಬಂತು, ನಾಲ್ವರು ಗಲ್ಲಿಗೇರಿದರು. ನಿಮ್ಮ ಆರೋಪದಲ್ಲಿ ಅಂಥದ್ದು ಏನಿದೆ, ಒಂದೊಂದಾಗಿ ಬರೆದಿಟ್ಟುಕೊಳ್ಳಿ.

ಹತ್ಯೆಯ ಜಾಗದಲ್ಲಿ ಕೊಡೆ ಹಿಡಿದು ನಿಂತವನ ಪ್ಯಾರಾ ತೆಗೆಯಿರಿ. ಆತ 1978ರಲ್ಲಿ ಅದೇ ಸಂಸದೀಯ ಸಮಿತಿಯೆದುರು ಬಂದು, ಕೊಡೆ ಬಿಚ್ಚಿದ್ದು ಕೆನಡಿಯ ತಂದೆ, ಹಿಟ್ಲರ್ ಜೊತೆ ರಾಜಿಗೆ ಹೋದ, ಕೊಡೆಗೆ ಹೆಸರಾಗಿದ್ದ ಬ್ರಿಟಿಷ್ ಪ್ರಧಾನಿ ಚೇಂಬರ್ಲಿನ್ ಅವರನ್ನು ಬೆಂಬಲಿಸಿದ್ದರ ವಿರುದ್ಧದ ಪ್ರತಿಭಟನೆ ಎಂದು ಹೇಳಿದ್ದಾನೆ. ಐದನೇ ಪುಟವನ್ನು ಮೊದಲಿಗೆ ತಂದು, 1,500 ಪದಗಳೊಳಗೆ ಮತ್ತೆ ಬರೆದು ಕಳಿಸಿ. ಕಾಯುತ್ತೇವೆ.

ಸಂಪಾದಕರು