ಮತ್ತೆ ಪಿಟೀಲು ಹಿಡಿದಿದ್ದೇನೆ, ಮುಂದುವರಿಸಲೇ?

ಪ್ರಶ್ನೆ: ನನಗೆ 47 ವರ್ಷ. ಒಂಬತ್ತನೆಯ ವಯಸ್ಸಿನಿಂದ ಎಂಟು ವರ್ಷ ಪಿಟೀಲು ಕಲಿತಿದ್ದೆ. ಓದು, ಉದ್ಯೋಗ, ಸಂಸಾರ ಎಂದು ಅದು ಬಿಟ್ಟುಹೋಯಿತು. ಸಂಗೀತ ಕೇಳುವುದನ್ನು ಮಾತ್ರ ಬಿಡಲಿಲ್ಲ. ಮೂರು ತಿಂಗಳ ಹಿಂದೆ ಮತ್ತೆ ಆರಂಭಿಸಿದೆ. ನುಡಿಸಿದ ಒಂದೊಂದು ಸ್ವರವೂ ಕಿವಿಗೆ ಚುಚ್ಚುತ್ತದೆ. ಎಷ್ಟೋ ದಿನ ಅತ್ತು ಪೆಟ್ಟಿಗೆ ಮುಚ್ಚಿದ್ದೇನೆ. ‘ಒಂದು ಕಾಲದಲ್ಲಿ ಚೆನ್ನಾಗಿ ನುಡಿಸುತ್ತಿದ್ದೆ’ ಎಂಬ ನೆನಪಾದರೂ ನನ್ನಲ್ಲಿತ್ತು. ಎರಡನೆಯ ಸಲವೂ ಸೋತರೆ ಅದೂ ಕೈಬಿಟ್ಟುಹೋದೀತೆಂಬ ಭಯ. ಇಲ್ಲಿಗೇ ನಿಲ್ಲಿಸಲೇ?

ಉತ್ತರ: ನಿಲ್ಲಿಸಬೇಡಿ. ನೀವು ಸೋಲು ಎಂದುಕೊಂಡಿರುವುದು ಸೋಲಲ್ಲ ಎಂಬುದಕ್ಕೆ ನಿಮ್ಮ ಪತ್ರವೇ ಸಾಕ್ಷಿ. ಒಂಬತ್ತು ವರ್ಷದ ಹುಡುಗಿಯನ್ನು ಅಪಸ್ವರ ಇಷ್ಟು ನೋಯಿಸಿರಲಾರದು, ಏಕೆಂದರೆ ಆಗ ಅವಳ ಕಿವಿಯೂ ಎಳೆಯದು, ಕೈಯೂ ಎಳೆಯದು. ಎರಡೂ ಜೊತೆಯಾಗಿ ಬಲಿತವು. ಈ ಮೂವತ್ತು ವರ್ಷಗಳಲ್ಲಿ ನೀವು ಕೇಳುತ್ತಲೇ ಇದ್ದುದರಿಂದ ಕಿವಿ ಪಕ್ವವಾಗುತ್ತ ಹೋಯಿತು, ಕೈಯಾದರೋ ನಿಂತ ಜಾಗದಿಂದಲೂ ಹಿಂದೆ ಸರಿಯಿತು. ಪಿಟೀಲಿನಲ್ಲಿ ಬೆರಳಿಗೆ ಜಾಗ ತೋರಿಸುವ ಮೆಟ್ಟಿಲುಗಳಿಲ್ಲ. ಒಂದೆರಡು ಮಿಲಿಮೀಟರ್ ಸರಿದರೂ ಶ್ರುತಿ ಕೆಡುತ್ತದೆ, ಮತ್ತು ಕೆಟ್ಟಿತೆಂದು ಹೇಳಲು ಕಿವಿಯಲ್ಲದೆ ಬೇರೆ ಗತಿಯಿಲ್ಲ. ಹಾಗಾಗಿ ನಿಮಗೆ ಅಳು ಬರುತ್ತಿರುವುದು ವಿದ್ಯೆ ಹೋಗಿದೆ ಎಂಬ ಕಾರಣಕ್ಕಲ್ಲ, ಅದರ ಅರ್ಧ ಭಾಗ ಮೊದಲಿಗಿಂತ ಚೆನ್ನಾಗಿ ಉಳಿದಿದೆ ಎಂಬ ಕಾರಣಕ್ಕೆ.

ಉಳಿದರ್ಧವೂ ಪೂರ್ತಿ ಅಳಿಸಿಹೋಗಿರುವುದಿಲ್ಲ. ಇದು ಸಮಾಧಾನದ ಮಾತಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮರೆಯಲು ಬಿಟ್ಟು, ಮತ್ತೆ ಕಲಿತು, ಎರಡನೆಯ ಸಲ ಎಷ್ಟು ಶ್ರಮ ಕಡಿಮೆಯಾಯಿತೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಹಾಗೆ ಕಡಿಮೆಯಾದ ಶ್ರಮವನ್ನು ಅವರು ‘ಉಳಿತಾಯ’ ಎಂದು ಕರೆದರು. ನೆನಪಿಗೆ ಬಾರದ ಪಾಠ ಕೂಡ ಮರುಕಲಿಕೆಯನ್ನು ಹಗುರ ಮಾಡಬಲ್ಲದೆಂದು ಇದರಿಂದ ತಿಳಿಯಿತು. ಒಂದೇ ದಿನ ಒತ್ತಿ ಕಲಿಯುವುದಕ್ಕಿಂತ ಹಲವು ದಿನಗಳಿಗೆ ಹಂಚಿ ಕಲಿಯುವುದು ಮೇಲೆಂಬುದನ್ನೂ ಅವರೇ ಗಮನಿಸಿದ್ದರು. ಆದ್ದರಿಂದ ಭಾನುವಾರ ಎರಡು ಗಂಟೆ ಕುಳಿತು ಅಳುವುದರ ಬದಲು ದಿನಕ್ಕೆ ಇಪ್ಪತ್ತು ನಿಮಿಷ ನುಡಿಸಿ. ಬೆರಳ ತುದಿ ಮತ್ತೆ ಗಟ್ಟಿಯಾಗಲು ಕೆಲವು ವಾರಗಳು ಬೇಕು. ಕುತ್ತಿಗೆಯಲ್ಲೋ ಭುಜದಲ್ಲೋ ನೋವು ಕಂಡರೆ ಹಟ ಮಾಡದೆ ಅಂದಿಗೆ ನಿಲ್ಲಿಸಿಬಿಡಿ. ಹಳೆಯ ವಾದ್ಯವೇ ಆಗಿದ್ದರೆ ತಂತಿಗಳನ್ನು ಬದಲಾಯಿಸಿ, ಆದರೆ ಒಂದಾದ ಮೇಲೆ ಒಂದರಂತೆ, ಏಕೆಂದರೆ ಎಲ್ಲವನ್ನೂ ಒಟ್ಟಿಗೆ ಸಡಿಲಿಸಿದರೆ ಒಳಗೆ ಒತ್ತಡದಿಂದಷ್ಟೇ ನಿಂತಿರುವ ಪುಟ್ಟ ಕಡ್ಡಿ ಬಿದ್ದುಹೋಗಬಹುದು. ನಿಮ್ಮ ಕಿವಿಗೆ ಚುಚ್ಚುತ್ತಿರುವುದರಲ್ಲಿ ಹಳೆಯ ತಂತಿಯ ಪಾಲೂ ಇದ್ದೀತು.

ಇನ್ನು ಆ ಭಯದ ಮಾತು. ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಹದಿನೇಳರ ಆ ಹುಡುಗಿ ನುಡಿಸಿದ್ದು ನುಡಿಸಿ ಆಗಿದೆ. ಇಂದು ನಿಮ್ಮ ಕಮಾನು ಎಷ್ಟೇ ಕೀರಲಿ, ಅಂದಿನ ಒಂದು ಸ್ವರವೂ ಅದರಿಂದ ಕೆಡುವುದಿಲ್ಲ. ಅವಳು ಸೋತು ಬಿಟ್ಟವಳೂ ಅಲ್ಲ, ಸಮಯ ಸಿಗದೆ ಬಿಟ್ಟವಳು. ಹಾಗಿರುವಾಗ ‘ಎರಡನೆಯ ಸಲವೂ ಸೋತರೆ’ ಎಂದು ನೀವು ಬರೆದಿರುವುದರಲ್ಲಿ ಆ ‘ಊ’ ಎಲ್ಲಿಂದ ಬಂತೆಂದು ಒಮ್ಮೆ ಯೋಚಿಸಿ. ಅವಳ ಮಟ್ಟವನ್ನು ನೀವು ಮತ್ತೆ ಮುಟ್ಟದೆಯೂ ಇರಬಹುದು. ಅವಳಿಗಿದ್ದಷ್ಟು ಬಿಡುವು ನಿಮಗಿಲ್ಲ, ಅದನ್ನು ನಾನು ಮುಚ್ಚಿಡಲಾರೆ. ಆದರೆ ಅವಳ ಮಟ್ಟವೇ ಅಳತೆಗೋಲಾಗಬೇಕೆಂದು ಯಾರೂ ಹೇಳಿಲ್ಲ.

ನನ್ನದೊಂದು ಸಲಹೆ ಇದೆ. ಈ ಮೂರು ತಿಂಗಳು ನೀವು ಬಹುಶಃ ಅಂದು ಚೆನ್ನಾಗಿ ಬರುತ್ತಿದ್ದ ರಚನೆಗಳನ್ನೇ ತೆಗೆದು ನುಡಿಸುತ್ತಿದ್ದೀರಿ, ಹೀಗಾಗಿ ಪ್ರತಿ ಸಾಲಿನಲ್ಲೂ ಅವಳು ಪಕ್ಕದಲ್ಲಿ ನಿಂತು ನುಡಿಸಿದಂತಾಗುತ್ತಿದೆ. ಅವುಗಳನ್ನು ಸ್ವಲ್ಪ ಕಾಲ ಬದಿಗಿಡಿ. ಅವಳು ಎಂದೂ ಕಲಿಯದಿದ್ದ, ಬಿಟ್ಟ ಮೇಲಿನ ವರ್ಷಗಳಲ್ಲಿ ನೀವು ಕೇಳಿ ಮೆಚ್ಚಿದ, ನಿಧಾನಗತಿಯ ಚಿಕ್ಕ ರಚನೆಯೊಂದನ್ನು ಆರಿಸಿಕೊಂಡು ಅದರ ಮೊದಲ ಸಾಲನ್ನು ನಾಳೆ ನುಡಿಸಿ ನೋಡಿ.