ಮಗಳಿಗೆ ಪದ್ಮಿನಿ ಕೊಡಿಸೋದಾದ್ರೆ: ಹಾಸನದ ಅಣ್ಣನಿಗೆ ಉತ್ತರ

ಅಣ್ಣ, ಮೊದಲು ಮಗಳಿಗೆ ನನ್ನ ಶುಭಾಶಯ ಹೇಳಿ. ಸೆಕೆಂಡ್ ಪಿಯುಸಿ ಪಾಸಾದ ಖುಷಿಗೆ ಒಂದು ಹಳೇ ಪ್ರೀಮಿಯರ್ ಪದ್ಮಿನಿ ಕಾರು ಕೊಡಿಸಬೇಕು, ಮಂಗಳೂರಲ್ಲಿ 1984ರ ಗಾಡಿ 1.6 ಲಕ್ಷಕ್ಕೆ ಇದೆ, ತಗೋಬಹುದಾ ಅಂತ ಕೇಳಿದ್ದೀರಿ. ಅವಳಿಗೆ 18 ತುಂಬೋದು ಅಕ್ಟೋಬರ್‌ನಲ್ಲಿ ಅಂತಾನೂ ಬರೆದಿದ್ದೀರಿ. ಮೇಲೆ ಕಾಮೆಂಟಲ್ಲಿ ಹತ್ತು ಜನ "ಸೂಪರ್, ಕಣ್ಣು ಮುಚ್ಕೊಂಡು ತಗೊಳ್ಳಿ" ಅಂದಿದ್ದಾರೆ. ಇಬ್ಬರು "ಈ ಡಬ್ಬ ಯಾಕೆ, ಸೆಕೆಂಡ್ ಹ್ಯಾಂಡ್ ಆಲ್ಟೊ ಕೊಡಿಸಿ" ಅಂದಿದ್ದಾರೆ. ನನ್ನ ಕೇಳಿದ್ರೆ ತಗೊಳ್ಳಿ. ಆದ್ರೆ ದಿನಾ ಕಾಲೇಜಿಗೆ ಓಡಿಸೋಕೆ ಅಂತ ತಗೋಬೇಡಿ. ಇನ್ನೊಂದು, ಎಲ್ಲಾ ಕೆಲಸ ಮುಗಿಸಿ, ಪಾಲಿಶ್ ಹೊಡೆಸಿ, ರಿಬ್ಬನ್ ಕಟ್ಟಿ ಕೊಡಲೇಬೇಡಿ.

ಆ ರಿಬ್ಬನ್ ತಪ್ಪು ನಾನು ಮಾಡಿದ್ದೇನೆ. ಮಗನಿಗೆ ಸರ್ಪ್ರೈಸ್ ಅಂತ ಒಂದು ಪದ್ಮಿನಿ ತಂದು, ಅವನಿಗೆ ಗೊತ್ತಾಗದ ಹಾಗೆ ಭಾವನ ಮನೆ ಕೊಟ್ಟಿಗೆಯಲ್ಲಿ ಬಚ್ಚಿಟ್ಟು, ಏಳು ತಿಂಗಳು ಕೆಲಸ ಮಾಡಿಸಿದೆ. ಮೊದಲ ವಾರ ಚೆನ್ನಾಗಿ ಫೋಟೋ ತೆಗೆಸಿಕೊಂಡ. ಎರಡನೇ ವಾರ ತೀರ್ಥಹಳ್ಳಿ ರಸ್ತೆಯಲ್ಲಿ, ಜಡಿಮಳೆಯಲ್ಲಿ ಗಾಡಿ ನಿಂತುಹೋಯ್ತು. ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ನೀರಿನ ಪಸೆ, ಅಷ್ಟೇ. ಒಣ ಬಟ್ಟೆ ತಗೊಂಡು ಒರೆಸಿದ್ರೆ ಐದು ನಿಮಿಷದ ಕೆಲಸ. ಅವನಿಗೆ ಬಾನೆಟ್ ಎತ್ತಿ ಏನು ನೋಡಬೇಕು ಅಂತಾನೇ ಗೊತ್ತಿಲ್ಲ. ಪಿಕಪ್‌ಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ. ಆಮೇಲೆ ಒಂದೂವರೆ ವರ್ಷ ಅದು ಅಡಿಕೆ ಸಿಪ್ಪೆ ರಾಶಿ ಪಕ್ಕ ನಿಂತಿತ್ತು, ಹಿಂದಿನ ಸೀಟಲ್ಲಿ ಕೋಳಿ ಕಾವಿಗೆ ಕೂತಿತ್ತು. ಮತ್ತೆ ಎಬ್ಬಿಸೋಣ ಅಂತ ಹೊರಟಾಗ ಮೆಕ್ಯಾನಿಕ್ ಕೈ ಕೊಟ್ಟ, ನಾನೂ ಮಗನೂ ಕೂತು ಬ್ರೇಕ್ ಡ್ರಮ್ ಬಿಚ್ಚಿದ್ವಿ. ಈಗ ಆ ಗಾಡಿ ಕೀಲಿ ನನಗೆ ಕೊಡೋದಕ್ಕೂ ಹಿಂದೆ ಮುಂದೆ ನೋಡ್ತಾನೆ.

ಹಾಗಾಗಿ ಅಕ್ಟೋಬರ್ ತನಕ ಇರೋ ತಿಂಗಳುಗಳು ನಿಮಗೆ ಲಾಭವೇ. ಅಲ್ಲಿವರೆಗೆ ಅವಳು ಸ್ಪ್ಯಾನರ್ ಹಿಡೀಲಿ, ಸ್ಟೇರಿಂಗ್ ಬೇಡ. "ತೋಟದ ರಸ್ತೆಯಲ್ಲಿ ಓಡಿಸಲಿ ಬಿಡಿ" ಅಂತ ಒಬ್ಬರು ಬರೆದಿದ್ದಾರೆ, ದಯವಿಟ್ಟು ಕೇಳಬೇಡಿ. 2019ರ ತಿದ್ದುಪಡಿ ಆದಮೇಲೆ ಅಪ್ರಾಪ್ತರು ಸಾರ್ವಜನಿಕ ರಸ್ತೆಯಲ್ಲಿ ಸಿಕ್ಕಿಬಿದ್ರೆ ಅಪ್ಪ ಅಮ್ಮನಿಗೆ 25 ಸಾವಿರ ದಂಡ, 3 ವರ್ಷದವರೆಗೆ ಜೈಲೂ ಆಗಬಹುದು. ಗಾಡಿ ರಿಜಿಸ್ಟ್ರೇಷನ್ 12 ತಿಂಗಳು ರದ್ದು, ಮಗುವಿಗೆ 25 ವರ್ಷದ ತನಕ ಲೈಸೆನ್ಸ್ ಇಲ್ಲ. 18 ತುಂಬಿದ ಮೇಲೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿ, 30 ದಿನ ಕಳೆದ ಮೇಲೆ ಟೆಸ್ಟ್ ಕೊಡಿಸಿ. ಆರ್‌ಸಿ ಸದ್ಯಕ್ಕೆ ನಿಮ್ಮ ಹೆಸರಲ್ಲೇ ಇರಲಿ.

ಇನ್ನು ಗಾಡಿ ವಿಷಯ. ಮಂಗಳೂರು ಅಂದ ಕೂಡಲೇ ನನಗೆ ಹೆದರಿಕೆ ಆಗೋದು ತುಕ್ಕಿಂದು. ಉಪ್ಪುಗಾಳಿ, ನಾಲ್ಕು ತಿಂಗಳು ಮಳೆ. ಅದೇ ಚಿತ್ರದುರ್ಗ, ಬಳ್ಳಾರಿ ಕಡೆ ಬಿಸಿಲಲ್ಲಿ ಬಣ್ಣ ಹೋಗಿ ನಿಂತ ಗಾಡಿ ನೋಡೋಕೆ ಅಸಹ್ಯವಾಗಿದ್ರೂ ತಗಡು ಗಟ್ಟಿ ಇರುತ್ತೆ. ಪದ್ಮಿನಿಗೆ ಜೀಪಿನ ಹಾಗೆ ಬೇರೆ ಚಾಸಿ, ಅಂದ್ರೆ ಅಡಿಯ ಚೌಕಟ್ಟು, ಇಲ್ಲ, ಬಾಡಿಯೇ ಎಲ್ಲಾ ಭಾರ ಹೊರೋದು. ಬಾಗಿಲ ಕೆಳಗಿನ ಪಟ್ಟಿ, ಫ್ಲೋರ್, ಜ್ಯಾಕ್ ಕೊಡೋ ಜಾಗ ಕೊಳೆತಿದ್ರೆ ಅದು ಬರೀ ಅಂದದ ಪ್ರಶ್ನೆ ಅಲ್ಲ. ಹೋಗುವಾಗ ಒಂದು ಮ್ಯಾಗ್ನೆಟ್ ತಗೊಂಡು ಹೋಗಿ, ತೆಳು ಬಟ್ಟೆ ಸುತ್ತಿ ಬಾಡಿ ಮೇಲೆ ಎಳೀರಿ. ಹಿಡಿಯದ ಕಡೆ ತುಕ್ಕು ಮುಚ್ಚೋಕೆ ಮೆತ್ತಿದ ಪುಟ್ಟಿ ಇದೆ ಅಂತ ಅರ್ಥ. ಮ್ಯಾಟ್ ಎತ್ತಿ ನೋಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಕೆಳಗೆ ನೋಡಿ. ಬಾಗಿಲು ಹಾಕಿದಾಗ ಜೋತು ಬೀಳ್ತಿದ್ರೆ ವಾಪಸ್ ಬನ್ನಿ. 1089 ಸಿಸಿ ಇಂಜಿನ್ ಸರಳ, ಪಾರ್ಟ್ಸ್‌ಗೆ ಬೆಂಗಳೂರಿನ ಜೆ.ಸಿ. ರೋಡ್ ಇದೆ. ಹೊಗೆ ಬಂದ್ರೂ ಪರವಾಗಿಲ್ಲ, ರಿಪೇರಿ ಆಗುತ್ತೆ ಅಂತೀನಿ ನಾನು. ಟಿಂಕರಿಂಗ್, ಅಂದ್ರೆ ತಗಡಿನ ಕೆಲಸ ಮಾತ್ರ ಶುರುವಾದ್ರೆ ಮುಗಿಯಲ್ಲ, 1.6 ಲಕ್ಷದ ಗಾಡಿ ಮೂರೂವರೆ ಲಕ್ಷಕ್ಕೆ ಹೋಗಿ ನಿಲ್ಲುತ್ತೆ.

ತಂದ ಮೇಲೆ ಮೊದಲ ಖರ್ಚು ಪೇಂಟ್‌ಗೆ ಬೇಡ, ಬ್ರೇಕ್‌ಗೆ. ನಾಲ್ಕೂ ಚಕ್ರಕ್ಕೆ ಡ್ರಮ್. ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಕಿಟ್, ರಬ್ಬರ್ ಹೋಸ್ ಎಲ್ಲಾ ಹೊಸದು ಹಾಕಿ, ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ. ಮಂಗಳೂರಿಂದ ಓಡಿಸಿಕೊಂಡು ಶಿರಾಡಿ ಘಾಟಿ ಹತ್ತಿಸ್ತೀನಿ ಅಂತ ಹೊರಡಬೇಡಿ, ಕ್ಯಾರಿಯರ್ ಮೇಲೆ ತರಿಸಿ. ಸೀಟ್ ಬೆಲ್ಟ್ ಇರಲ್ಲ. ಮೂರು ಕಡೆ ಬಿಗಿಯೋ ಬೆಲ್ಟನ್ನ ಪಿಲ್ಲರ್‌ಗೆ, ಫ್ಲೋರ್‌ಗೆ ದಪ್ಪ ಪ್ಲೇಟ್ ವೆಲ್ಡ್ ಮಾಡಿ ಹಾಕಿಸಿ, ತಗಡಿಗೆ ಬರೀ ಬೋಲ್ಟ್ ಹೊಡೆದ್ರೆ ಕಿತ್ತು ಬರುತ್ತೆ. ಇಷ್ಟೆಲ್ಲಾ ಮಾಡಿದ್ರೂ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಆಲ್ಟೊ ಅಂದವರ ಮಾತಲ್ಲಿ ಇಷ್ಟು ಸತ್ಯ ಇದೆ. ಭಾನುವಾರ ಬೆಳಿಗ್ಗೆ ಬೇಲೂರಿಗೆ ಹೋಗಿ ಬರೋಕೆ ಪದ್ಮಿನಿ ಸರಿ, ರಾತ್ರಿ ಹೈವೇಗೆ ಅಲ್ಲ.

ಪೆಟ್ರೋಲ್ ಈಗ 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು. ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಒಳಗಿನ ಡಯಾಫ್ರಮ್ (ತೆಳು ಪೊರೆ) ಉಬ್ಬಿ ಬಿರುಕು ಬಿಡುತ್ತೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕೋದು ತಮಾಷೆ ಅಲ್ಲ, ಎಥನಾಲ್ ತಡೆಯೋ ಹೋಸ್ ಹಾಕಿಸಿ. ಎಥನಾಲ್ ನೀರು ಎಳ್ಕೊಳ್ಳುತ್ತೆ, ಹಾಗಾಗಿ ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಬೇಡಿ.

ಕಾಗದಪತ್ರ ನೋಡದೆ ಅಡ್ವಾನ್ಸ್ ಕೊಡಬೇಡಿ. ಬಾಡಿ ಮೇಲಿನ ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ತಾಳೆ ಹಾಕಿ, ಇಂಜಿನ್ ಬದಲಾಯಿಸಿದ ಗಾಡಿಗಳು ಬೇಕಾದಷ್ಟಿವೆ. ಹಳೇ ಪುಸ್ತಕದ ಆರ್‌ಸಿ ಆದ್ರೆ ಆನ್‌ಲೈನ್‌ನಲ್ಲಿ ಏರಿದೆಯಾ ನೋಡಿ, ಇಲ್ಲದಿದ್ರೆ ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆ ಆನ್‌ಲೈನ್‌ಗೆ ಏರಿಸೋದು) ಮಾಡಿಸೋ ಓಡಾಟ ಮಾರುವವರದ್ದೇ ಆಗಲಿ. ಆರ್‌ಸಿಯಲ್ಲಿ ಹಳೇ ಸಾಲ ಉಳಿದಿರಬಹುದು. ಬ್ಯಾಂಕ್‌ಗಳು ವಿಲೀನ ಆಗಿರೋದ್ರಿಂದ, ಸಿಂಡಿಕೇಟ್ ಬ್ಯಾಂಕ್ ಅಂತಿದ್ರೆ ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನೋ ಪತ್ರ) ಈಗ ಕೆನರಾದಿಂದ, ವಿಜಯಾ ಬ್ಯಾಂಕ್ ಅಂತಿದ್ರೆ ಬ್ಯಾಂಕ್ ಆಫ್ ಬರೋಡಾದಿಂದ ತರಬೇಕು. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), 20 ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ ರಿಜಿಸ್ಟ್ರೇಷನ್ ನವೀಕರಣದ ಶುಲ್ಕವೇ 10 ಸಾವಿರ, ಗ್ರೀನ್ ಟ್ಯಾಕ್ಸ್ ಬೇರೆ. ವಿಂಟೇಜ್ ನಂಬರ್ ಮಾಡಿಸಿ ಅಂದವರಿಗೆ: ಅದಕ್ಕೆ 50 ವರ್ಷ ಆಗಿರಬೇಕು, ಈ ಗಾಡಿಗೆ 2034 ಬರಬೇಕು. ಬಂದ್ರೂ ಮಾಮೂಲಿ ಓಡಾಟಕ್ಕೆ ಬಳಸೋ ಹಾಗಿಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿ ಇಂಥದ್ದಕ್ಕಷ್ಟೇ. ಮತ್ತೆ ಎಮಿಷನ್ ಟೆಸ್ಟ್, ಅಂದ್ರೆ ಹೊಗೆ ಪರೀಕ್ಷೆ, ಅದರ ಸರ್ಟಿಫಿಕೇಟ್‌ಗೂ ಪಿಯುಸಿ ಅಂತಾನೇ ಹೆಸರು. ಮಗಳದ್ದು ಪಿಯುಸಿ ಆಯ್ತು, ಇನ್ನು ಕಾರಿಂದೂ ಪಿಯುಸಿ ಆಗಬೇಕು, ಅದು ಆರು ತಿಂಗಳಿಗೊಮ್ಮೆ ಪರೀಕ್ಷೆ!

ಭಾನುವಾರ ನೋಡೋಕೆ ಹೋಗ್ತೀನಿ ಅಂದಿದ್ದೀರಲ್ಲ, ಅವಳನ್ನೂ ಕರ್ಕೊಂಡು ಹೋಗಿ. ಸರ್ಪ್ರೈಸ್ ಹಾಳಾದ್ರೆ ಆಗಲಿ, ಮ್ಯಾಗ್ನೆಟ್ ಅವಳ ಕೈಲೇ ಕೊಡಿ. ಮ್ಯಾಟ್ ಎತ್ತಿದ ಫ್ಲೋರ್ ಫೋಟೋ, ಎರಡೂ ಕಡೆಯ ಬಾಗಿಲ ಪಟ್ಟಿ ಫೋಟೋ ಇಲ್ಲಿ ಹಾಕಿ, ಸಂಜೆ ತೋಟದಿಂದ ಬಂದ ಮೇಲೆ ನೋಡಿ ಹೇಳ್ತೀನಿ.